ಎಳ್ಳಮಾವಾಸ್ಯೆಯ ಕಾಲಯಾತ್ರೆ

ಕಾಲವು ಮುಂದಕ್ಕಲ್ಲದೆ ಹಿಂದಕ್ಕೆ ಹರಿಯದು. ಕಳೆದ ಒಂದು ಕ್ಷಣವನ್ನು ಚಕ್ರವರ್ತಿಯ ಬೊಕ್ಕಸವೂ ಕೊಂಡು ತರಲಾರದು. ಇದು ಎಲ್ಲರೂ ಬಲ್ಲ ಮಾತು. ಆದರೂ ಕಳೆದುಹೋದುದನ್ನು ಮತ್ತೊಮ್ಮೆ ಕಾಣಬೇಕೆಂಬ ಹಂಬಲ ಮನುಷ್ಯನನ್ನು ಬಿಟ್ಟಿಲ್ಲ. ಕನ್ನಡದ ಕವಿಗಳು ಈ ಹಂಬಲಕ್ಕೆ ತಮ್ಮದೇ ಆದ ದಾರಿಗಳನ್ನು ಕಂಡುಕೊಂಡರು. ರನ್ನನು ತನ್ನ ‘ಗದಾಯುದ್ಧ’ದಲ್ಲಿ ಭೀಮ ದುರ್ಯೋಧನರ ಕಡೆಯ ಕಾಳಗವನ್ನು ಮುಂದಿಟ್ಟುಕೊಂಡು, ಸಿಂಹಾವಲೋಕನ ಕ್ರಮದಿಂದ ಭಾರತದ ಕಥೆಯನ್ನೆಲ್ಲ ಹಿಂದಿರುಗಿ ನೋಡಿದನು. ಜೈನ ಪುರಾಣಕಾರರು ಭವಾವಳಿಗಳ ಮೂಲಕ ಒಂದೇ ಜೀವವನ್ನು ಹಲವು ಜನ್ಮಗಳ ಹಾದಿಯಲ್ಲಿ ನಡೆಸಿದರು. ಆದರೆ ಹಿಂದಿನದನ್ನು ದೂರದಿಂದ ನೋಡುವುದು ಬೇರೆ, ಅದರೊಳಗೆ ಹೊಕ್ಕು ಅಲ್ಲಿಯವರೊಡನೆ ಮಾತನಾಡುವುದು ಬೇರೆ. ಈ ಎರಡನೆಯ ಹಂಬಲದಿಂದ ಹುಟ್ಟಿದ ಆಟವೊಂದನ್ನು, ಸೇಡಂ ಸೀಮೆಯ ಮಠವೊಂದರ ಆಶ್ರಯದಲ್ಲಿ ನಡೆಯುವ ಪ್ರಸಾದ ನಿಲಯದ ಮಕ್ಕಳಿಗಾಗಿ ಇತಿಹಾಸದ ಅಧ್ಯಾಪಕರೊಬ್ಬರು ಎಳ್ಳಮಾವಾಸ್ಯೆಗೆಂದು ಬರೆದರು. ಅವರು ಅದನ್ನು ಮೂರು ಸಲ ಬರೆಯಬೇಕಾಯಿತು. ಆ ಮೂರು ಬರವಣಿಗೆಗಳ ಕಥೆಯೇ ಈ ಲೇಖನದ ವಸ್ತು.

ಈ ಆಟದ ಮೂಲ ಅಮೆರಿಕ ದೇಶ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಧಾರಣೆಯ ಆಟ ಪ್ರಕಟವಾಯಿತು. ಅದೇ ಇಂಥ ಆಟಗಳಿಗೆಲ್ಲ ಮೇಲ್ಪಂಕ್ತಿ. ಇದಕ್ಕೆ ರಂಗಸ್ಥಳ ಬೇಡ, ವೇಷಭೂಷಣ ಬೇಡ. ಮೇಜಿನ ಸುತ್ತಲೋ ಚಾಪೆಯ ಮೇಲೋ ನಾಲ್ಕೈದು ಜನ ಕುಳಿತರೆ ಸಾಕು. ಒಬ್ಬನು ದೊಡ್ಡಾಟದ ಭಾಗವತನಂತೆ ಕಥೆಯ ಸೂತ್ರವನ್ನು ಹಿಡಿದು, ‘ನೀವು ಇಂಥಲ್ಲಿದ್ದೀರಿ, ಎದುರಿಗೆ ಇಂಥವನು ನಿಂತಿದ್ದಾನೆ, ಏನು ಮಾಡುವಿರಿ?’ ಎಂದು ಕೇಳುತ್ತಾನೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ ತಾವು ಮಾಡುವುದನ್ನು ಬಾಯಿಂದ ಹೇಳುತ್ತಾರೆ. ಕಾರ್ಯ ಕೈಗೂಡುವುದೋ ಇಲ್ಲವೋ ಎಂಬುದನ್ನು ದಾಳ ನಿರ್ಣಯಿಸುತ್ತದೆ. ಸೂತ್ರಧಾರನು ಮೊದಲೇ ಬರೆದಿಟ್ಟುಕೊಳ್ಳುವ ಸನ್ನಿವೇಶಮಾಲೆಗೆ ‘ಸಾಹಸ’ವೆಂದು ಹೆಸರು. ಮುಂದೆ ಕಾಲಯಾತ್ರೆಯನ್ನೇ ವಸ್ತುವಾಗುಳ್ಳ ಆಟಗಳೂ ಬಂದವು. ಬ್ರಿಟನ್ನಿನ ದೂರದರ್ಶನದಲ್ಲಿ 1963ರಲ್ಲಿ ಆರಂಭವಾದ ‘ಡಾಕ್ಟರ್ ಹೂ’ ಎಂಬ ಕಾಲಯಾತ್ರೆಯ ಧಾರಾವಾಹಿಯನ್ನು ಆಧರಿಸಿದ ಪಾತ್ರಧಾರಣೆಯ ಆಟ 1985ರಲ್ಲಿ ಹೊರಬಂದಿತು. ಆ ಧಾರಾವಾಹಿಯ ವಿಶೇಷ ಕಂತುಗಳು 2005ರಿಂದ ಹಲವು ವರ್ಷ ಕ್ರಿಸ್‌ಮಸ್ ಹಬ್ಬದ ದಿನವೇ ಪ್ರಸಾರವಾದವು. ಹಬ್ಬಕ್ಕೆಂದೇ ಒಂದು ಸಾಹಸವನ್ನು ಬರೆದು ಆಡುವ ವಾಡಿಕೆ ಇಂಥ ಆಟಗಾರರಲ್ಲಿಯೂ ಉಂಟು.

ಅಧ್ಯಾಪಕರಿಗೆ ಈ ವಾಡಿಕೆ ಹಿಡಿಸಿತು. ಕಾರಣವೂ ಇದ್ದಿತು. ಕ್ರಿಸ್‌ಮಸ್ಸಿನ ಆಸುಪಾಸಿನಲ್ಲಿಯೇ ಕಲಬುರಗಿ ಸೀಮೆಯಲ್ಲಿ ಎಳ್ಳಮಾವಾಸ್ಯೆ ಬರುತ್ತದೆ. ಹೊಲದಲ್ಲಿ ತೊಗರಿ ಕಾಯಿ ಕಟ್ಟಿರುತ್ತದೆ, ಬಿಳಿಜೋಳ ಎದೆಯುದ್ದ ನಿಂತಿರುತ್ತದೆ, ಕಡಲೆ ಹೂವಾಡುತ್ತಿರುತ್ತದೆ. ಮನೆಮಂದಿಯೆಲ್ಲ ಸಜ್ಜೆರೊಟ್ಟಿ, ಕಡುಬು, ಭಜ್ಜಿ, ಹೋಳಿಗೆ, ಅಂಬಲಿಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಪಾಂಡವರ ಹೆಸರಿನಲ್ಲಿ ಐದು ಕಲ್ಲುಗಳನ್ನಿಟ್ಟು ಪೂಜಿಸುತ್ತಾರೆ. ಹೊಲದ ಸುತ್ತ ಚರಗ ಚೆಲ್ಲಿ ಭೂತಾಯಿಗೆ ಉಣಿಸಿ, ಹಾದಿಯಲ್ಲಿ ಹೋಗುವವರನ್ನೂ ಕರೆದು ಕೂಡಿಸಿ ಉಣ್ಣುತ್ತಾರೆ. ಆದರೆ ಅಂಥ ಹಬ್ಬದಲ್ಲಿ ಪ್ರಸಾದ ನಿಲಯದ ಎಲ್ಲ ಮಕ್ಕಳೂ ಊರಿಗೆ ಹೋಗುವುದಿಲ್ಲ. ತಂದೆತಾಯಿಗಳು ಮುಂಬಯಿಗೋ ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಿರುವಾಗ ಮನೆಗೆ ಬೀಗ. ಈಚಿನ ಒಂದು ಎಳ್ಳಮಾವಾಸ್ಯೆಗೆ ಹೀಗೆ ಐವರು ಉಳಿದರು. ಚಿಂಚೋಳಿ ಕಡೆಯ ತಾಂಡಾದವರು ಇಬ್ಬರು, ವಾಡಿಯವನೊಬ್ಬ, ಚಿತ್ತಾಪುರದವನೊಬ್ಬ, ಶಹಾಬಾದದವನೊಬ್ಬ. ಶಹಾಬಾದದ ಹುಡುಗನ ತಂದೆ ಮೊದಲು ಫರ್ಸಿ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದವನು, ಈಗ ಪುಣೆಯಲ್ಲಿ ಕಲ್ಲು ಕಡಿಯುವವನು. ಆದರೆ ತಂದೆಯ ಉದ್ಯೋಗವೇನೆಂದು ಯಾರು ಕೇಳಿದರೂ ಹುಡುಗ ‘ಬಿಸಿನೆಸ್’ ಎಂದಷ್ಟೇ ಹೇಳಿ ಮುಖ ತಿರುಗಿಸುತ್ತಿದ್ದನು.

ಆಟದ ಸುದ್ದಿ ಕಿವಿಗೆ ಬಿದ್ದೊಡನೆ ವಯೋವೃದ್ಧರಾದ ನಿಲಯಪಾಲಕರು ಆಕ್ಷೇಪಿಸಿದರು. “ದಾಳ ಹಿಡಿದೇ ಧರ್ಮರಾಯ ಕೆಟ್ಟನು, ಮಾಸ್ತರ್ರೇ. ಮಠದ ಮಕ್ಕಳ ಕೈಗೆ ಅದನ್ನು ಕೊಡಬೇಕೆ?” ಅಧ್ಯಾಪಕರು ವಿನಯದಿಂದಲೇ ಉತ್ತರಿಸಿದರು. ಧರ್ಮರಾಯನನ್ನು ಕೆಡಿಸಿದುದು ದಾಳವಲ್ಲ, ಪಣ. ಈ ಆಟದಲ್ಲಿ ಪಣವಿಲ್ಲ, ಗೆದ್ದವನಿಲ್ಲ, ಸೋತವನೂ ಇಲ್ಲ. ವೆಚ್ಚವೆಂದರೆ ಒಂದು ನೂರು ಪುಟದ ನೋಟುಬುಕ್ಕು ಮತ್ತು ಬಡಗಿ ಕಡೆದುಕೊಟ್ಟ ಎರಡು ಮರದ ದಾಳ. ದಾನಿಗಳಿಗೆ ಭಾರವಾಗದ ಇಂಥ ಯೋಜನೆ ಬೇರೊಂದಿರಲಾರದು! ಹಿರಿಯರು ನಕ್ಕು ಸುಮ್ಮನಾದರು, ಒಪ್ಪಲಿಲ್ಲ.

ಕಾಲದಲ್ಲಿ ಹಿಂದಕ್ಕೆ ಹೋಗಲು ವಾಹನವೊಂದು ಬೇಕು. ಅದನ್ನು ಹುಡುಕಲು ಅಧ್ಯಾಪಕರು ದೂರ ಹೋಗಲಿಲ್ಲ. ನಿಜಾಮನ ಸಂಸ್ಥಾನದ ರೈಲುಮಾರ್ಗ 1874ರಲ್ಲಿ ವಾಡಿಯನ್ನು ಸಿಕಂದರಾಬಾದಿಗೆ ಜೋಡಿಸಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಇವೆಲ್ಲ ಆ ಮಾರ್ಗದ ನಿಲ್ದಾಣಗಳು. ಆಟದಲ್ಲಿ ವಾಡಿ ಜಂಕ್ಷನ್ನಿನ ಟಿಕೆಟ್ ಕಿಟಕಿಯ ಗುಮಾಸ್ತನು ‘ಯಾವ ಊರಿಗೆ?’ ಎಂದು ಕೇಳಿದ ಮೇಲೆ ‘ಯಾವ ವರ್ಷಕ್ಕೆ?’ ಎಂದೂ ಕೇಳುತ್ತಾನೆ. ಇಷ್ಟೇ ಕಲ್ಪನೆ. ಇದನ್ನು ಕೇಳಿ ತಾಂಡಾದ ಹುಡುಗನೊಬ್ಬ, “ನಮ್ಮ ಚಿಂಚೋಳಿಗಿ ರೈಲೇ ಇಲ್ಲರೀ ಸರ, ನಾವು ಹ್ಯಾಂಗ ಬರಬೇಕು?” ಎಂದು ತಕರಾರು ತೆಗೆದನು. ತಾಂಡೂರಿನವರೆಗೆ ಬಸ್ಸಿನಲ್ಲಿ ಬಂದು ಅಲ್ಲಿ ರೈಲು ಹತ್ತಬೇಕೆಂದು ತೀರ್ಮಾನವಾಯಿತು. ಕಲ್ಪನೆಯ ಆಟದಲ್ಲಿಯೂ ಮಕ್ಕಳು ತಮ್ಮೂರಿನ ಕೊರತೆಯನ್ನು ಮರೆಯುವುದಿಲ್ಲ.

ಮೊದಲನೆಯ ಸಾಹಸಕ್ಕೆ ಅವರು ಮಳಖೇಡವನ್ನು ಆರಿಸಿಕೊಂಡರು. ಕಾಗಿಣೆಯ ದಂಡೆಯ ಈ ಊರು ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಆಸ್ಥಾನವಿದ್ದ ಸ್ಥಳ, ‘ಕವಿರಾಜಮಾರ್ಗ’ದ ತವರು. ಅಪಭ್ರಂಶದ ಮಹಾಕವಿ ಪುಷ್ಪದಂತನು 965ರಲ್ಲಿ ತನ್ನ ಮಹಾಪುರಾಣವನ್ನು ಮುಗಿಸಿದ ನಗರ. 972ರಲ್ಲಿ ಮಾಳವದ ಪರಮಾರ ಸೀಯಕನು ದಂಡೆತ್ತಿ ಬಂದು ಈ ನಗರವನ್ನು ಸೂರೆಗೊಂಡನು. ಆ ಸೂರೆಯ ಉಲ್ಲೇಖ ಧನಪಾಲನ ಪ್ರಾಕೃತ ನಿಘಂಟಿನಲ್ಲಿದೆ. ನಿಘಂಟುಕಾರನು ತನ್ನ ಗ್ರಂಥದ ಕಾಲವನ್ನು ಒಂದು ನಗರದ ನಾಶದಿಂದ ಗುರುತಿಸಿದುದು ವಿಚಿತ್ರವಾದರೂ ಇತಿಹಾಸಕ್ಕೆ ಉಪಕಾರವಾಯಿತು. ಸಾಹಸದ ವಸ್ತು ಸರಳವಾಗಿದ್ದಿತು. ಐವರು ಹುಡುಗರು 972ಕ್ಕೆ ಟಿಕೆಟ್ ಕೊಂಡು ಇಳಿಯುತ್ತಾರೆ. ಸೀಯಕನ ದಂಡು ಬರುವ ಮುನ್ನ ಖೊಟ್ಟಿಗ ದೊರೆಗೆ ಸುದ್ದಿ ಮುಟ್ಟಿಸಿ ಕೋಟೆಯನ್ನು ಕಾಯಬೇಕು.

ಒಂದು ಭಾನುವಾರ ಸಾಯಂಕಾಲ ನಿಲಯದ ಪಡಸಾಲೆಯಲ್ಲಿ ಇದನ್ನು ಆಡಿ ನೋಡಲಾಯಿತು. ಮಕ್ಕಳ ಉತ್ಸಾಹಕ್ಕೆ ಎಲ್ಲೆಯಿರಲಿಲ್ಲ. ದಾಳಗಳೂ ಅವರ ಪಕ್ಷವನ್ನೇ ವಹಿಸಿದವು. ಸೀಯಕನು ಹಿಮ್ಮೆಟ್ಟಿದನು, ಮಾನ್ಯಖೇಟ ಉಳಿಯಿತು, ಪಡಸಾಲೆ ಜಯಘೋಷದಿಂದ ತುಂಬಿತು. ಆಗ ವಾಡಿಯ ಹುಡುಗ ಲೆಕ್ಕ ಹಾಕುವವನಂತೆ ಬೆರಳು ಮಡಿಸುತ್ತ ಕೇಳಿದನು: “ಸರ, ರಾಷ್ಟ್ರಕೂಟರು ಉಳದ್ರು ಅಂದ್ರ ಚಾಲುಕ್ಯರ ತೈಲಪ ರಾಜಾ ಆಗ್ತಿದ್ದಿಲ್ಲ. ಚಾಲುಕ್ಯರು ಇಲ್ಲಂದ್ರ ಕಲ್ಯಾಣ ರಾಜಧಾನಿ ಆಗ್ತಿದ್ದಿಲ್ಲ. ಕಲ್ಯಾಣ ಇಲ್ಲಂದ್ರ ಅನುಭವ ಮಂಟಪ ಎಲ್ಲಿ ಆಗ್ತಿತ್ರೀ?”

ಪಡಸಾಲೆ ನಿಶ್ಶಬ್ದವಾಯಿತು. ಹುಡುಗನ ತರ್ಕದಲ್ಲಿ ದೋಷವಿರಲಿಲ್ಲ. 973ರಲ್ಲಿ ಇಮ್ಮಡಿ ತೈಲನು ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿದನು. ಅವನ ವಂಶದ ಮೊದಲನೆಯ ಸೋಮೇಶ್ವರನು ರಾಜಧಾನಿಯನ್ನು ಕಲ್ಯಾಣಕ್ಕೆ ಒಯ್ದನು. ಆ ಕಲ್ಯಾಣಕ್ಕೆ ಹನ್ನೆರಡನೆಯ ಶತಮಾನದಲ್ಲಿ ನಾಡಿನ ಮೂಲೆಮೂಲೆಗಳಿಂದ ಶರಣರು ನಡೆದು ಬಂದರು. ಒಂದು ಸಂಜೆಯ ಗೆಲುವಿನಲ್ಲಿ ಐವರು ಬಾಲಕರು ಮಾನ್ಯಖೇಟವನ್ನು ಉಳಿಸಿ ಕಲ್ಯಾಣವನ್ನು ಕಳೆದುಕೊಂಡಿದ್ದರು. ತಮಗೆ ಆಶ್ರಯವಿತ್ತ ಮಠವನ್ನೂ ತಾವು ಕುಳಿತ ಪಡಸಾಲೆಯನ್ನೂ ಅದರೊಡನೆಯೇ ಕಳೆದುಕೊಂಡಿದ್ದರು. ಹಿಂದಿನ ಒಂದು ದುಃಖವನ್ನು ಕಿತ್ತರೆ ಅದರ ಬೇರಿಗೆ ಹೆಣೆದುಕೊಂಡ ಸುಖಗಳೂ ಕಿತ್ತು ಬರುತ್ತವೆ. ಅಧ್ಯಾಪಕರು ಆ ರಾತ್ರಿ ನೋಟುಬುಕ್ಕಿನ ಮೊದಲ ಪುಟದಲ್ಲಿ ಒಂದು ನಿಯಮ ಬರೆದರು: ‘ನಡೆದುದನ್ನು ಬದಲಿಸಲಾಗದು.’

ಈ ನಿಯಮಕ್ಕೆ ಒಳಪಟ್ಟು ಬರೆದುದು ಎರಡನೆಯ ಸಾಹಸ. ಅದರ ಸ್ಥಳ ಚಿತ್ತಾಪುರದ ಬಳಿಯ ನಾಗಾವಿ. ಚಾಲುಕ್ಯ ತ್ರೈಲೋಕ್ಯಮಲ್ಲನ ದಂಡನಾಯಕ ಮಧುಸೂದನನು ಅಲ್ಲಿ ಘಟಿಕಾಸ್ಥಾನವನ್ನು ನೆಲೆಗೊಳಿಸಿದುದನ್ನು 1058ರ ಶಾಸನ ಸಾರುತ್ತದೆ. ವೇದಾಧ್ಯಯನಕ್ಕೆ 200 ವಿದ್ಯಾರ್ಥಿಗಳು, ಶಾಸ್ತ್ರಾಧ್ಯಯನಕ್ಕೆ 52 ವಿದ್ಯಾರ್ಥಿಗಳು, ಪಾಠ ಹೇಳುವ ಉಪಾಧ್ಯಾಯರು, ಅವರಲ್ಲದೆ ಪುಸ್ತಕಗಳನ್ನು ಕಾಯುವ 6 ಜನ ಸರಸ್ವತೀ ಭಂಡಾರಿಗರು. ಅನ್ನ, ವಸತಿ, ವಿದ್ಯೆಗಳು ಒಂದೇ ಸೂರಿನಡಿ ದೊರೆಯುತ್ತಿದ್ದ ಆ ವ್ಯವಸ್ಥೆಯನ್ನು ಕಂಡರೆ ನಿಲಯದ ಮಕ್ಕಳಿಗೆ ಅಭಿಮಾನ ಮೂಡೀತೆಂದು ಅಧ್ಯಾಪಕರು ಭಾವಿಸಿದರು. ಹುಡುಗರು 1058ರಲ್ಲಿ ಇಳಿದರು, ಶಾಲೆಯನ್ನು ನೋಡಿದರು, ಭಂಡಾರಿಗರನ್ನು ಮಾತನಾಡಿಸಿದರು, ಓಲೆಗರಿಯ ಕಟ್ಟುಗಳನ್ನು ಎಣಿಸಿದರು. ಬದಲಿಸುವಂಥದು ಏನೂ ಇರಲಿಲ್ಲ, ಆದುದರಿಂದ ಮಾಡುವಂಥದೂ ಏನೂ ಇರಲಿಲ್ಲ. ಅರ್ಧ ಗಂಟೆಯೊಳಗೆ ಒಬ್ಬನು ಆಕಳಿಸಿದನು. ಚಿತ್ತಾಪುರದ ಹುಡುಗ, ಊರು ತನ್ನದಾದರೂ, ಸಂಕೋಚವಿಲ್ಲದೆ ಹೇಳಿಯೇಬಿಟ್ಟನು: “ಇದು ಪಾಠ ಅದರೀ ಸರ, ಆಟ ಅಲ್ಲ.”

ಹೀಗೆ ಮೊದಲನೆಯದು ಫಲವಿಲ್ಲದ ಕಾಳಗವಾಯಿತು, ಎರಡನೆಯದು ಆಟವಿಲ್ಲದ ಉಪದೇಶವಾಯಿತು. ಹಬ್ಬಕ್ಕೆ ಇನ್ನು ಹತ್ತು ದಿನ ಉಳಿದಿದ್ದಿತು. ಅಧ್ಯಾಪಕರು ಎರಡೂ ಬರವಣಿಗೆಗಳನ್ನು ಎದುರಿಗಿಟ್ಟುಕೊಂಡು ಯೋಚಿಸಿದರು. ನಡೆದುದನ್ನು ಬದಲಿಸಲಾಗದಿದ್ದರೆ ಅಲ್ಲಿಗೆ ಹೋದವನು ಮಾಡುವುದಾದರೂ ಏನು? ಈ ಪ್ರಶ್ನೆಗೆ ಉತ್ತರ ಕೊಡದ ಸಾಹಸ ಮಕ್ಕಳನ್ನು ಹಿಡಿದು ನಿಲ್ಲಿಸಲಾರದು. ಇನ್ನೊಂದು ಕೊರತೆಯನ್ನೂ ಅವರು ಕಂಡುಕೊಂಡರು. ಎರಡು ಸಾಹಸಗಳನ್ನೂ ಹಬ್ಬದ ರಜೆಗೆಂದು ಬರೆದಿದ್ದರೂ ಹಬ್ಬವು ಅವುಗಳ ಒಳಗೆ ಇರಲಿಲ್ಲ. ಹಬ್ಬದ ದಿನ ಆಡಿದ ಮಾತ್ರಕ್ಕೆ ಆಟ ಹಬ್ಬದ್ದಾಗದು. ಬುತ್ತಿ, ಚರಗ, ಹಾದಿಹೋಕನನ್ನು ಕರೆದು ಉಣಿಸುವ ಧರ್ಮ, ಇವು ಕಥೆಯ ಗಂಟನ್ನು ಬಿಡಿಸುವಂತಿರಬೇಕು.

ಆ ಗಂಟು ದೊರೆತುದು ಸನ್ನತಿಯಲ್ಲಿ. ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾನದಿಯ ದಂಡೆಯ ಮೇಲಿರುವ ಸನ್ನತಿಯ ಚಂದ್ರಲಾಂಬಾ ಕ್ಷೇತ್ರವನ್ನು ಈ ಭಾಗದವರಿಗೆ ಪರಿಚಯಿಸಬೇಕಿಲ್ಲ. 1980ರ ದಶಕದಲ್ಲಿ ಆ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು, ಮೂರ್ತಿ ಭಗ್ನವಾಯಿತು. ಮೂರ್ತಿಗೆ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ತುಂಬ ಬ್ರಾಹ್ಮೀ ಅಕ್ಷರಗಳು! ಅದು ಕ್ರಿ.ಪೂ. 3ನೆಯ ಶತಮಾನದ ಅಶೋಕ ಚಕ್ರವರ್ತಿಯ ಶಾಸನವಾಗಿದ್ದಿತು. ಒಂದು ಮಗ್ಗುಲಲ್ಲಿ ಅವನ 12ನೆಯ ಮತ್ತು 14ನೆಯ ಶಾಸನಗಳಿದ್ದವು. ಇನ್ನೊಂದು ಮಗ್ಗುಲಲ್ಲಿ, ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಕಂಡುಬಂದಿರುವ ಎರಡು ಪ್ರತ್ಯೇಕ ಶಾಸನಗಳಿದ್ದವು. ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಿಂದ ನಡೆದ ಉತ್ಖನನದಲ್ಲಿ ಮಹಾಸ್ತೂಪವೂ, ‘ರಾಯೋ ಅಸೋಕೋ’ ಎಂಬ ಬರಹವುಳ್ಳ ಅಶೋಕನ ಉಬ್ಬುಶಿಲ್ಪವೂ ದೊರೆತವು. ಆದರೆ ಗುಡಿಯ ಆ ಪೀಠದ ಕಲ್ಲಿನ ನಡುವೆ ಒಂದು ರಂಧ್ರವಿದೆ. ಮೂರ್ತಿಯ ಗೂಟವನ್ನು ಕೂಡಿಸಲು ಯಾವನೋ ಒಬ್ಬ ಕಲ್ಲುಕುಟಿಗನು ಕೊರೆದುದು. ಆ ರಂಧ್ರದಲ್ಲಿ ಚಕ್ರವರ್ತಿಯ ಕೆಲವು ಮಾತುಗಳು ಪುಡಿಯಾಗಿ ಹೋದವು.

ಹೋದುದು ಎಂಥ ಮಾತು ಎಂಬುದನ್ನೂ ಇಲ್ಲಿ ಹೇಳಬೇಕು. ಹನ್ನೆರಡನೆಯ ಶಾಸನದ ತಿರುಳು ಇದು: ಎಲ್ಲ ಮತಗಳವರನ್ನೂ ಗೌರವಿಸಬೇಕು, ನಾಲಗೆಯನ್ನು ಹಿಡಿತದಲ್ಲಿಡಬೇಕು, ತನ್ನ ಮತವನ್ನು ಹೊಗಳಿಕೊಂಡು ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಬಗೆಯುತ್ತಾನೆ. ಅಶೋಕನ ಕಾಲದಲ್ಲಿ ‘ಪಾಷಂಡ’ವೆಂದರೆ ಮತಪಂಥವೆಂಬಷ್ಟೇ ಅರ್ಥ. ಮುಂದೆ ಆ ಶಬ್ದ ಪಾಷಂಡಿ ಎಂಬ ಬೈಗುಳವಾಯಿತು. ಶಾಸನ ಮರೆತುಹೋದ ಮೇಲೆ ಶಬ್ದಕ್ಕೂ ಅದೇ ಗತಿಯಾಯಿತೆಂದು ಅಧ್ಯಾಪಕರು ನೋಟುಬುಕ್ಕಿನ ಅಂಚಿನಲ್ಲಿ ಬರೆದುಕೊಂಡರು.

ಮೂರನೆಯ ಸಾಹಸ ಆರಂಭವಾಗುವುದು ಆ ಉಳಿಪೆಟ್ಟಿನ ಹಿಂದಿನ ಗಳಿಗೆಯಲ್ಲಿ. ಕಲ್ಲುಕುಟಿಗನು ಗುಡಿಯ ಅಂಗಳದಲ್ಲಿ ಕುಳಿತಿದ್ದಾನೆ. ಎದುರಿಗೆ ಆ ಕಲ್ಲು, ಕೈಯಲ್ಲಿ ಉಳಿ. ದಿನ ಎಳ್ಳಮಾವಾಸ್ಯೆ, ಸಂಜೆಗೆ ದೇವಿಯ ಪ್ರತಿಷ್ಠೆ. ಐವರು ಬಾಲಕರು ಬುತ್ತಿ ಹೊತ್ತು ಬರುತ್ತಾರೆ. ಅವನು ತನ್ನ ಹೆಸರನ್ನಾಗಲಿ ವರ್ಷವನ್ನಾಗಲಿ ಕಲ್ಲಿನಲ್ಲಿ ಕೊರೆದಿಟ್ಟಿಲ್ಲವಾದುದರಿಂದ ಟಿಕೆಟ್ಟಿನಲ್ಲಿ ವರ್ಷದ ಸ್ಥಳ ಖಾಲಿ. ಮಹಾಪುರುಷರ ಪಾತ್ರಗಳನ್ನು ಅಧ್ಯಾಪಕರು ಬೇಕೆಂದೇ ಕೈಬಿಟ್ಟರು. ಅವರ ಬಾಯಲ್ಲಿ ನಮ್ಮ ಮಾತುಗಳನ್ನು ಇಡುವುದು ಸಾಹಸವಲ್ಲ, ಅವಿವೇಕ. ಹೆಸರಿಲ್ಲದ ಕಲ್ಲುಕುಟಿಗನ ನಾಲಗೆ ಮಾತ್ರ ಎಲ್ಲರಿಗೂ ಬಿಡುವಾಗಿದೆ.

ದಾಳವನ್ನು ಈ ಸಾಹಸದಲ್ಲಿ ಬದಿಗಿರಿಸಲಾಯಿತು. ಅದರ ಸ್ಥಾನದಲ್ಲಿ ಹೊಸ ನಿಯಮವೊಂದು ಬಂದಿತು. ಕಲ್ಲುಕುಟಿಗನನ್ನು ಒಂದು ಪ್ರಶ್ನೆ ಕೇಳಬೇಕಾದರೆ ಬುತ್ತಿಯಿಂದ ಒಂದು ಪದಾರ್ಥವನ್ನು ಅವನಿಗೆ ಕೊಡಬೇಕು. ಕೊಟ್ಟವನಿಗೆ ಮಾತ್ರ ಉತ್ತರ. ಇಲ್ಲಿ ಒಂದು ವಿನೋದದ ತೊಡಕು ಎದುರಾಯಿತು. ಮೆಣಸಿನಕಾಯಿ, ಶೇಂಗಾ, ಬಟಾಟೆ, ಟೊಮ್ಯಾಟೊ ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು ಬಂದ ಮೇಲಲ್ಲದೆ ಈ ನೆಲಕ್ಕೆ ಬಂದವಲ್ಲ. ವರ್ಷ ತಿಳಿಯದ ದಿನಕ್ಕೆ ಹೋಗುವವರು ಯಾವ ಕಾಲಕ್ಕೂ ಸಲ್ಲುವ ಬುತ್ತಿಯನ್ನೇ ಒಯ್ಯಬೇಕಲ್ಲವೆ? ಶೇಂಗಾ ಹೋಳಿಗೆಯನ್ನು ಬಿಟ್ಟು ಎಳ್ಳಿನ ಹೋಳಿಗೆ, ಮೆಣಸಿನಕಾಯಿಯ ಬದಲು ಕರಿಮೆಣಸು, ಸಜ್ಜೆರೊಟ್ಟಿ, ಜೋಳದ ಕಡುಬು, ತೊಗರಿ, ಹುಣಸೆ, ಬೆಲ್ಲ ಎಂದು ಪಟ್ಟಿಯಾಯಿತು. ಮೆಣಸಿನಕಾಯಿಯಿಲ್ಲದ ಭಜ್ಜಿಯೆಂಬುದನ್ನು ಕೇಳಿ ಮಕ್ಕಳಿಗೆ ಆದ ಆಘಾತ ಮಾನ್ಯಖೇಟದ ಪತನದಿಂದಲೂ ಆಗಿರಲಿಲ್ಲ. ಸಜ್ಜೆಯೂ ಎಳ್ಳೂ ಎಷ್ಟು ಹಳೆಯವೆಂಬುದನ್ನು ಮಾತ್ರ ಅವರು ಅಂದು ಕಲಿತುದು ಎಂದೂ ಮರೆಯುವಂತಿಲ್ಲ.

ಹಬ್ಬದ ದಿನ ಮಠದ ಹೊಲದಲ್ಲಿ ಚರಗ ಚೆಲ್ಲಿಯಾದ ಮೇಲೆ ಬೇವಿನ ಮರದ ನೆರಳಿನಲ್ಲಿ ಆಟ ನಡೆಯಿತು. ಕಲ್ಲುಕುಟಿಗನ ಪಾತ್ರವನ್ನು ಅಧ್ಯಾಪಕರು ಶಹಾಬಾದದ ಹುಡುಗನಿಗೆ ಕೊಟ್ಟರು. ಅವನು ಮೊದಲು ಒಲ್ಲೆನೆಂದನು. ಅಧ್ಯಾಪಕರು ಬಲವಂತ ಮಾಡದೆ ಸುಮ್ಮನಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವನೇ ಬಂದು ಕುಳಿತನು. ಉಳಿ ಹಿಡಿಯುವ ಬಗೆಯನ್ನು ಯಾರೂ ಅವನಿಗೆ ಹೇಳಿಕೊಡಬೇಕಾಗಲಿಲ್ಲ.

ತಾಂಡಾದ ಹುಡುಗ ಸಜ್ಜೆರೊಟ್ಟಿ ಕೊಟ್ಟು ಮೊದಲ ಪ್ರಶ್ನೆ ಕೇಳಿದನು, ಈ ಕಲ್ಲಿನ ಮೇಲೇನಿದೆ ಎಂದು ಗೊತ್ತೇ? ಕಲ್ಲುಕುಟಿಗ ಹೇಳಿದನು: “ಅಕ್ಷರ ನನಗ ಗೊತ್ತಿಲ್ಲ. ಕಲ್ಲು ಗೊತ್ತದ. ಒಳ್ಳೆ ಕಲ್ಲದ, ಎಲ್ಲೂ ಬಿರುಕಿಲ್ಲ. ದೇವಿ ಭಾರ ಹೊರ್ತದ.” ಊರಿನಲ್ಲಿ ಓದಬಲ್ಲವರಿಲ್ಲವೇ ಎಂದು ಇನ್ನೊಬ್ಬನು ಕಡುಬು ಕೊಟ್ಟು ಕೇಳಿದನು. ಸೂತ್ರಧಾರರಾದ ಅಧ್ಯಾಪಕರು ಇಲ್ಲಿ ಒಂದು ಮಾತು ಸೇರಿಸಿದರು. ಅಶೋಕನ ಬ್ರಾಹ್ಮೀಲಿಪಿ ಶತಮಾನಗಳ ಕಾಲ ಮರೆತುಹೋಗಿದ್ದಿತು, ಅದನ್ನು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಓದಿದನು. ಹಾಗಾದರೆ ಆ ಅಂಗಳದಲ್ಲಿ ಶಾಸನದ ಅರ್ಥ ಬಲ್ಲವರು ಈ ಐವರೇ! ಚಿತ್ತಾಪುರದ ಹುಡುಗನಿಗೆ ತಡೆಯಲಾಗಲಿಲ್ಲ. ಎಳ್ಳಿನ ಹೋಳಿಗೆ ಕೊಟ್ಟು ಅವಸರದಿಂದ ಕೇಳಿದನು: “ಕಲ್ಲು ತಿರುವಿ ಹಾಕಿ ಹಿಂದಿನ ಮಗ್ಗಲ ಕೊರದ್ರ ಆಗಲ್ಲೇನು?” ಕಲ್ಲುಕುಟಿಗ ಕಲ್ಲನ್ನು ತಿರುವಿದನು. ಹಿಂದಿನ ಮಗ್ಗುಲಲ್ಲಿಯೂ ಅಕ್ಷರಗಳು! ಪ್ರಜೆಗಳೆಲ್ಲ ತನ್ನ ಮಕ್ಕಳೆಂದು ಚಕ್ರವರ್ತಿಯು ಅಧಿಕಾರಿಗಳಿಗೆ ತಿಳಿಹೇಳಿದ ಶಾಸನ ಆ ಬದಿಯದು. ಯಾವ ಮ���್ಗುಲನ್ನು ಕೊರೆದರೂ ನಷ್ಟವೇ.

ಕಡೆಗೆ ವಾಡಿಯ ಹುಡುಗನ ಸರದಿ ಬಂದಿತು. ಬೆಲ್ಲದ ಚೂರು ಮುಂದಿಟ್ಟು ಅವನು, ಈ ಕಲ್ಲನ್ನು ಬಿಟ್ಟು ಬೇರೆ ಕಲ್ಲು ತೆಗೆದುಕೊಂಡರೆ ಇದನ್ನು ಏನು ಮಾಡುವೆ ಎಂದು ಕೇಳಿದನು. ಶಹಾಬಾದದ ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದನು: “ಇಂಥ ಕಲ್ಲು ಯಾರೂ ಸುಮ್ಮ ಬಿಡಾಂಗಿಲ್ಲ. ಒಡದು ಬಾವಿ ಕಟ್ಟಿಗಿ ಹಾಕ್ತಾರ, ಹೊಲದ ಬದುವಿಗಿ ಹಾಕ್ತಾರ. ದೇವಿ ಕೆಳಗ ಕುಂತ್ರ ಒಬ್ಬರೂ ಮುಟ್ಟಂಗಿಲ್ಲ.”

ಐವರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಮೊದಲ ಸಾಹಸದ ದಿನವಾಗಿದ್ದರೆ ಉಳಿಯನ್ನು ಕಸಿದುಕೊಳ್ಳಲು ಅವರು ದಾಳ ಉರುಳಿಸುತ್ತಿದ್ದರು. ಈಗ ಕಸಿಯಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಕಲ್ಲನ್ನು ಕೆಡಿಸಿದವನೆಂದು ಅವರು ಬಗೆದವನೇ ಕಲ್ಲನ್ನು ಕಾಯ್ದವನಾಗಿದ್ದನು. ಎಲ್ಲ ಮತಗಳನ್ನೂ ಗೌರವಿಸೆಂದ ಮಾತನ್ನು, ಆ ಮಾತನ್ನೇ ಅರಿಯದ ದೇವಿಯ ಭಕ್ತರು, ತಮ್ಮ ಭಕ್ತಿಯ ಕೆಳಗೆ ಅಷ್ಟು ಕಾಲ ಜೋಪಾನವಾಗಿರಿಸಿದ್ದರು. ಆಗ ಬುತ್ತಿಯಲ್ಲಿ ಉಳಿದುದನ್ನೆಲ್ಲ ಮಕ್ಕಳು ಅವನ ಮುಂದಿಟ್ಟು, ಪ್ರಶ್ನೆಯನ್ನಲ್ಲ, ಒಂದು ಬೇಡಿಕೆಯನ್ನು ಮಂಡಿಸಿದರು. ಕೊರೆಯುವುದಾದರೆ ಆದಷ್ಟು ಸಣ್ಣದಾಗಿ ಕೊರೆ.

ಶಹಾಬಾದದ ಹುಡುಗ ಕೈಯಲ್ಲಿಲ್ಲದ ಉಳಿಯನ್ನು ಕಲ್ಲಿಲ್ಲದ ನೆಲಕ್ಕೆ ಹಚ್ಚಿ, ಬೆರಳಿನಿಂದ ಅಳತೆ ನೋಡುತ್ತ ಹೇಳಿದನು: “ಗೂಟ ಎಷ್ಟದ ಅಷ್ಟೇ ಕೊರಿತೀನಿ. ಒಂದು ಬೆರಳಿನಷ್ಟೂ ಹೆಚ್ಚಿಗಿ ಕೊರಿಯಂಗಿಲ್ಲ. ನಮ್ಮಪ್ಪನೂ ಹಂಗೇ ಮಾಡ್ತಾನ.”

ಕಡೆಯ ಮಾತು ಪಾತ್ರದ್ದಲ್ಲ, ಹುಡುಗನದು. ಅದು ಬಾಯಿಂದ ಜಾರಿದ ಮೇಲೆ ಅವನಿಗೇ ಅರಿವಾಯಿತು. ಯಾರೂ ನಗಲಿಲ್ಲ. ತಾಂಡಾದವನೊಬ್ಬ, “ನಿಮ್ಮಪ್ಪ ಕಲ್ಲು ಕಡೀತಾನೇನು? ನಮ್ಮಪ್ಪ ಅದೇ ಕಲ್ಲು ಹೊರ್ತಾನ” ಎಂದನು, ಅಷ್ಟೆ. ಕಾಯಕದ ಮಹತ್ವವನ್ನು ಕುರಿತು ಆ ಮಕ್ಕಳು ತರಗತಿಯಲ್ಲಿ ಎಷ್ಟೋ ಪ್ರಬಂಧಗಳನ್ನು ಬರೆದಿದ್ದರು. ತಂದೆಯ ಕಾಯಕವನ್ನು ತಲೆಯೆತ್ತಿ ಹೇಳಲು ಆ ಪ್ರಬಂಧಗಳಿಂದ ಬಾರದ ಧೈರ್ಯ ಹೆಸರಿಲ್ಲದ ಕಲ್ಲುಕುಟಿಗನೊಬ್ಬನ ಪಾತ್ರದಿಂದ ಬಂದಿತು.

ಸಾಹಸ ಮುಗಿದಾಗ ಇತಿಹಾಸದಲ್ಲಿ ಏನೂ ಬದಲಾಗಿರಲಿಲ್ಲ. ಸನ್ನತಿಯ ಕಲ್ಲಿನಲ್ಲಿ ರಂಧ್ರ ಇದ್ದಂತೆಯೇ ಇದೆ, ಅದರ ಸುತ್ತ ಅಕ್ಷರಗಳು ಉಳಿದಂತೆಯೇ ಉಳಿದಿವೆ. ಆದರೆ ಆ ರಂಧ್ರವನ್ನು ನೋಡುವ ಐದು ಜೊತೆ ಕಣ್ಣುಗಳು ಬದಲಾದವು. ನಡೆದುದನ್ನು ಬದಲಿಸಲಾಗದಿದ್ದರೆ ಅಲ್ಲಿಗೆ ಹೋದವನು ಮಾಡುವುದೇನೆಂಬ ಪ್ರಶ್ನೆಗೆ ಇದೇ ಉತ್ತರ: ಅವನು ಬುತ್ತಿ ಬಿಚ್ಚಬಹುದು, ಎದುರಿನವನಿಗೆ ಉಣಿಸಬಹುದು, ಅವನ ಮಾತನ್ನು ಕೇಳಬಹುದು. ಹಿಂದಿನವರ ತಪ್ಪುಗಳನ್ನು ಎಣಿಸಲು ಹೊರಟವನಿಗೆ ಅವರ ತಪ್ಪುಗಳಷ್ಟೇ ದೊರೆಯುತ್ತವೆ. ಬುತ್ತಿ ಹೊತ್ತು ಹೊರಟವನಿಗೆ ಅವರೂ ದೊರೆಯುತ್ತಾರೆ. ಹಾದಿಹೋಕನನ್ನು ಕರೆದು ಉಣಿಸುವ ಎಳ್ಳಮಾವಾಸ್ಯೆಯ ಧರ್ಮಕ್ಕೂ ಮಠದ ದಾಸೋಹಕ್ಕೂ ಇದೇ ಮೂಲ. ಕರೆಯುವ ಹಾದಿಹೋಕನು ಇಂದಿನವನಾದರೇನು, ಸಾವಿರ ವರ್ಷದ ಹಿಂದಿನವನಾದರೇನು?

ಆಟವನ್ನು ದೂರದಿಂದ ನೋಡುತ್ತಿದ್ದ ನಿಲಯಪಾಲಕರು ಅಂದು ಏನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಅಧ್ಯಾಪಕರ ಕೋಣೆಗೆ ಬಂದು, “ಆ ಪುಸ್ತಕ ನಿಲಯದ ಕಪಾಟಿನಲ್ಲಿರಲಿ, ಮುಂದಿನ ವರ್ಷ ಉಳಿಯುವ ಮಕ್ಕಳಿಗೆ ಬೇಕಾದೀತು” ಎಂದರು. ನೋಟುಬುಕ್ಕು ಈಗ ಅಲ್ಲಿದೆ. ಮಾನ್ಯಖೇಟದ ಪುಟಗಳನ್ನೂ ನಾಗಾವಿಯ ಪುಟಗಳನ್ನೂ ಅಧ್ಯಾಪಕರು ಹರಿದು ಹಾಕಿಲ್ಲ. ಸೋತ ಬರವಣಿಗೆಯೂ ಬರೆಯುವವನಿಗೆ ಗುರು. ಅರ್ಧದಷ್ಟು ಪುಟಗಳು ಇನ್ನೂ ಖಾಲಿ ಇವೆ. ಆದರೆ ಮುಂದಿನ ಎಳ್ಳಮಾವಾಸ್ಯೆಗೆ ನಿಲಯದಲ್ಲಿ ಒಂದು ಮಗುವೂ ಉಳಿಯದೆ, ಎಲ್ಲರ ಮನೆಗಳ ಬೀಗಗಳೂ ತೆರೆದು, ಆ ಪುಟಗಳು ಖಾಲಿಯಾಗಿಯೇ ಉಳಿಯುವುದಾದರೆ ಅದಕ್ಕಿಂತ ಸಂತೋಷದ ಸಾಹಸ ಬೇರೊಂದಿಲ್ಲ. ಅಲ್ಲಿಯವರೆಗೆ ಕಪಾಟಿನ ಬಾಗಿಲು ಮಕ್ಕಳಿಗೆ ತೆರೆದಿರಲಿ, ಬುತ್ತಿ ತುಂಬಿರಲಿ, ವಾಡಿಯ ಕಿಟಕಿಯಲ್ಲಿ ಗುಮಾಸ್ತನು ಎಚ್ಚರವಾಗಿರಲಿ.